ಕೇಳಿದಷ್ಟೇ ಹೇಳುವ ಕಾಕಾ

ನಮ್ಮ ಕಾಕಾನಿಗೆ ಮದುವೆಯಾಗದಿರಲು ಕಾರಣ ಜಾತಕವಲ್ಲ, ಬಣ್ಣವಲ್ಲ, ನೆತ್ತಿಯ ಮೇಲೆ ಕಡಿಮೆಯಾಗುತ್ತಿರುವ ಕೂದಲಂತೂ ಅಲ್ಲವೇ ಅಲ್ಲ. ಕಾರಣ ಅವನ ಕೆಲಸ! ಕೆಲಸ ಇಲ್ಲವೆಂದಲ್ಲ; ಇರುವ ಕೆಲಸ ಮೈಗೆ ಹತ್ತಿಬಿಟ್ಟಿದೆ.

ಜಮಖಂಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನಾಲ್ಕು ಕಂಪ್ಯೂಟರಿನ ಆಫೀಸು. ಅಲ್ಲಿ ಕಾಕಾ ಎಪಿಐ ಪರೀಕ್ಷಕ. ನಮ್ಮ ಮೊಬೈಲಿನ ಆ್ಯಪು ಎಲ್ಲೋ ದೂರದ ಸರ್ವರಿಗೆ ಪ್ರಶ್ನೆ ಕಳಿಸುತ್ತದೆ, ಸರ್ವರು ಉತ್ತರ ಕೊಡುತ್ತದೆ. ಆ ಸವಾಲು-ಜವಾಬು ಸರಿಯಿದೆಯೇ ಎಂದು ನೋಡುವುದು ಅವನ ಕೆಲಸ. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಎಡಗಡೆ ಪ್ರಶ್ನೆ, ಅವನ ಭಾಷೆಯಲ್ಲಿ ‘ಕ್ವೆರಿ’, ಬರೆದು ಗುಂಡಿ ಒತ್ತಿದರೆ ಬಲಗಡೆ ಉತ್ತರ. ಒಮ್ಮೆ ಅವನೇ ನನಗೆ ತಿಳಿಸಿ ಹೇಳಿದ:

“ಹಳೇ ಪದ್ಧತಿ ಖಾನಾವಳಿ ಇದ್ದಂಗ. ಒಂದ ರೊಟ್ಟಿ ಕೇಳಿದ್ರ ತಾಟು ತುಂಬ ಪಲ್ಯ, ಚಟ್ನಿ, ಮೊಸರು ಎಲ್ಲಾ ಬರ್ತೈತಿ. ಇದು ಹಂಗಲ್ಲ. ಕ್ವೆರಿಯೊಳಗ ಏನೇನ ಬೇಕಂತ ಬರೀತೀಯೋ ಅಷ್ಟ ಬರ್ತೈತಿ. ಹೆಸರ ಕೇಳಿದ್ರ ಹೆಸರು. ಊರ ಕೇಳಲಿಲ್ಲಂದ್ರ ಊರ ಬರಂಗಿಲ್ಲ.”

“ಛಲೋ ಐತಲ್ಲ ಕಾಕಾ!”

“ಮಂದಿನೂ ಹಿಂಗ ಇರಬೇಕಲೇ,” ಎಂದು ನಿಟ್ಟುಸಿರು ಬಿಟ್ಟ.

ಮಂದಿ ಹಾಗಾಗಲಿಲ್ಲ. ಕಾಕಾ ಹಾಗಾದ!

ಕನ್ಯೆ ನೋಡಲು ಹೋದಾಗಲೆಲ್ಲ ಅಜ್ಜಿ, ನನ್ನಪ್ಪ, ನಾನು ಜೊತೆಗೆ. ಎಲ್ಲದರ ಲೆಕ್ಕ ಬರೆದಿಡುವ ಚಟ ನನಗಿರುವುದರಿಂದ ನೋಟ್‌ಬುಕ್ಕಿನಲ್ಲಿ ಇದಕ್ಕೂ ಒಂದು ಪುಟವಿದೆ. ಮೊದಲನೆಯದು ಮುಧೋಳ, ರವಿವಾರ. ಕನ್ಯೆಯ ತಂದೆ ಪ್ರೀತಿಯಿಂದಲೇ ಶುರುಮಾಡಿದರು.

“ಕೆಲಸ ಏನ್ರಿ ನಿಮ್ಮದು?”

“ಟೆಸ್ಟಿಂಗ್ ರಿ.”

ಅವರು ಮುಂದಿನ ಮಾತಿಗೆ ಕಾದರು. ಕಾಕಾ ಮುಂದಿನ ಪ್ರಶ್ನೆಗೆ ಕಾದ.

“ಅಣ್ಣತಮ್ಮರು?”

“ಒಬ್ಬ.”

ಆ ಒಬ್ಬ, ಅಂದರೆ ನನ್ನಪ್ಪ, ಪಕ್ಕದಲ್ಲೇ ಕೂತಿದ್ದ! ‘ಇವರೇ’ ಎಂದು ತೋರಿಸಬಾರದೇ? ಯಾರೂ ಕೇಳಿರಲಿಲ್ಲವಲ್ಲ! ಇಪ್ಪತ್ತು ನಿಮಿಷದಲ್ಲಿ ಕಾಕಾನ ಬಾಯಿಂದ ಬಂದ ಶಬ್ದ ಹನ್ನೊಂದು. ಬಸ್ಸಿನಲ್ಲಿ ಅಜ್ಜಿ ಸಿಡಿದಳು.

“ಬಾಯಾಗ ಅಡಕಿ ಇಟ್ಕೊಂಡಿದ್ದೇನಲೇ?”

“ಅವರು ಕೇಳಿದ್ದಕ್ಕೆಲ್ಲಾ ಹೇಳೇನಲ್ಲಬೇ ಯವ್ವಾ. ಒಂದರ ತಪ್ಪ ಐತೇನು?”

ತಪ್ಪು ಒಂದೂ ಇರಲಿಲ್ಲ. ಕನ್ಯೆಯೂ ಇರಲಿಲ್ಲ.

ಬೀಳಗಿಗೆ ಹೊರಟಾಗ, ಈ ಸಲ ತಾನಾಗಿ ಮಾತಾಡಬೇಕೆಂದು ಅಜ್ಜಿ ಆಣೆ ಹಾಕಿಸಿದಳು. ಕಾಕಾ ಮಾತಾಡಿದ. ಅದೇ ಎಡವಟ್ಟಾಯಿತು!

“ನಿಮ್ಮ ಮನ್ಯಾಗ ಆನಿ ಎಷ್ಟ ಅದಾವ್ರಿ?”

ಕನ್ಯೆಯ ಸೋದರಮಾವ ಚಹಾದ ಕಪ್ಪು ಕೆಳಗಿಟ್ಟರು. “ಏನಂದ್ರಿ?”

“ಆನಿ ರಿ.”

“ಚ್ಯಾಷ್ಟಿ ಮಾಡಾಕ ಬಂದೀರೇನು? ಏಳ್ರಿ ಮೊದಲ!”

ಹೊರಗೆ ಬಂದ ಮೇಲೆ ಗುಟ್ಟು ತಿಳಿಯಿತು. ಸರ್ವರಿಗೆ ಸರಿಯಾದ ಪ್ರಶ್ನೆ ಕೇಳಿದರಷ್ಟೇ ಸಾಲದಂತೆ. ಇಲ್ಲದ್ದನ್ನೂ ಕೇಳಿ ನೋಡಬೇಕಂತೆ. ಒಳ್ಳೆಯ ಸರ್ವರು ಸಮಾಧಾನದಿಂದ ‘ಇಲ್ಲ’ ಎನ್ನುತ್ತದೆ. ಕೆಟ್ಟದ್ದು ಕುಸಿದು ಬೀಳುತ್ತದೆ.

“ಒಂದ ‘ಇಲ್ಲ’ ಅನ್ನಾಕ ಇಷ್ಟ ಸಿಟ್ಟ ಬಂತಂದ್ರ, ಮುಂದ ಬಾಳೇವು ಹೆಂಗ ಅಣ್ಣಾ?”

ಅಪ್ಪ ತನ್ನ ಬರಿಗಾಲನ್ನು ನೋಡಿಕೊಂಡ. ಓಡಿಬಂದ ಗಡಿಬಿಡಿಯಲ್ಲಿ ಅವನ ಒಂದು ಚಪ್ಪಲಿ ಬೀಳಗಿಯಲ್ಲೇ ಉಳಿಯಿತು.

ಲೋಕಾಪುರದ್ದು ಏಳು ನಿಮಿಷ. ಅದನ್ನು ಬರೆಯುವುದು ಬೇಡ.

ನೀವು ನಗುತ್ತೀರಿ, ನಾನೂ ನಕ್ಕವನೇ. ಆದರೆ ಪ್ರತಿ ಸಲ ಹಿಂದಿನ ಸಂಜೆ ಕಾಕಾ ತನ್ನ ಅಂಗಿಗೆ ತಾನೇ ಇಸ್ತ್ರಿ ಮಾಡುತ್ತಾನೆ, ಅದೂ ಎರಡೆರಡು ಸಲ. ಲೋಕಾಪುರದಿಂದ ಬಂದವನು ಆ ಅಂಗಿಯನ್ನು ಗೂಟಕ್ಕೆ ಹಾಕಿ ಹೇಳಿದ: “ಯವ್ವಾ, ಇನ್ನ ಸಾಕ. ಮಂದಿ ಮುಂದ ನಿನ್ನ ಮಾರಿ ಸಣ್ಣದಾಗೂದು ನನಗ ನೋಡಾಕ ಆಗಂಗಿಲ್ಲ.”

“ಇನ್ನೊಂದ ಐತೋ. ಅದೂ ಆಗಲಿಲ್ಲಂದ್ರ ನಾನೂ ಕೇಳಂಗಿಲ್ಲ,” ಎಂದಳು ಅಜ್ಜಿ.

ಆ ಇನ್ನೊಂದು ಬನಹಟ್ಟಿಯಲ್ಲಿ. ಓಣಿಯ ತುಂಬ ಮಗ್ಗಗಳ ಖಟಖಟ. ಕನ್ಯೆ ಶಾಲೆಯ ಟೀಚರ್. ಹಿಂದೊಮ್ಮೆ ಗೊತ್ತಾಗಿದ್ದ ಮದುವೆ ಮುರಿದಿತ್ತೆಂದು ಮಧ್ಯಸ್ಥರು ಮೊದಲೇ ಹೇಳಿದ್ದರು. ಕನ್ಯೆಯ ತಾಯಿ ಅವಲಕ್ಕಿ ತಟ್ಟೆಗಳನ್ನಿಟ್ಟು, ಯಾವ ಪ್ರಶ್ನೆ ಬರುವುದೋ ಎಂದು ಬಾಗಿಲಲ್ಲಿ ಸೆರಗು ಹಿಡಿದು ನಿಂತರು. ಮಗ ಆನೆ ತರುತ್ತಾನೋ ಏನೋ ಎಂದು ಅಜ್ಜಿಯೂ ಸೆರಗು ಹಿಡಿದಿದ್ದಳು.

ಟೀಚರೇ ತಲೆ ಎತ್ತಿದರು. “ಕೇಳಿಬಿಡ್ರಿ. ಹೆಂಗೂ ಎಲ್ಲಾರೂ ಅದನ್ನ ಕೇಳ್ತಾರ.”

“ಯಾವುದ್ರಿ?”

“ಮೊದಲಿಂದು ಯಾಕ ಮುರೀತು ಅಂತ.”

ಕಾಕಾ ಅವಲಕ್ಕಿ ತಟ್ಟೆ ಕೆಳಗಿಟ್ಟ.

“ಅದು ನನ್ನ ಕ್ವೆರಿಯೊಳಗ ಇಲ್ರಿ,” ಎಂದ. “ನಾ ಕೇಳಂಗಿಲ್ಲ. ಕೇಳದ್ದು ನೀವು ಹೇಳೂದೂ ಬ್ಯಾಡ.”

ಬಾಗಿಲಲ್ಲಿದ್ದ ತಾಯಿ ಮೆಲ್ಲಗೆ ಕುಳಿತುಕೊಂಡರು.

“ಹಂಗಾರ ನಾ ಒಂದ ಕೇಳ್ತೇನ್ರಿ,” ಎಂದರು ಟೀಚರ್. “ಲಗ್ನ ಆದ್ರ, ಸಾಲಿ ಬಿಟ್ಟಮ್ಯಾಲ ಐದರ ಬಸ್ ಹಿಡಿದ್ರ ನಾ ಆರಕ್ಕ ಜಮಖಂಡಿ ಮುಟ್ಟತೇನಿ. ನಿಮ್ಮ ಕೆಲಸ ಎಷ್ಟಕ್ಕ ಮುಗೀತೈತಿ? ಕೂಡಿ ಚಾ ಕುಡ್ಯಾಕ ಹೊತ್ತ ಸಿಗ್ತೈತೇನು?”

ಕಾಕಾನ ಆಫೀಸು ಬಿಡುವುದು ಏಳೂವರೆಗೆ. ಅದಕ್ಕಿಂತ ಮೊದಲು ಅವನು ಮನೆಗೆ ಬಂದ ದಿನ ನನ್ನ ನೋಟ್‌ಬುಕ್ಕಿನಲ್ಲಿ ಒಂದೂ ಇಲ್ಲ.

“ಆರಕ್ಕ ಮುಗೀತೈತ್ರಿ,” ಎಂದ ಕಾಕಾ.

ಅಪ್ಪ, ನಾನು ತಟ್ಟೆಯಿಂದ ಮುಖ ಎತ್ತಲಿಲ್ಲ. ಅಜ್ಜಿ ಮಾತ್ರ ತಿನ್ನುತ್ತಿರಲಿಲ್ಲ. ತನ್ನ ಅವಲಕ್ಕಿಯನ್ನೆಲ್ಲ ಕಾಕಾನ ತಟ್ಟೆಗೆ ಸುರಿಯುತ್ತಿದ್ದಳು.