ಆಕಾಶಕ್ಕೆ ಹೊರಟ ರಂಭೆ ಮತ್ತು ಕಮಾಂಡರ್ ಚಂಪಾ

"ಇನ್ನ ಮ್ಯಾಲ ಅಂತರಿಕ್ಷದಾಗೂ ಬಿಸಿ ಬಿಸಿ ಜ್ವಾಳದ ರೊಟ್ಟಿ!"

ನನ್ನ ಹೆಂಡತಿ ಚಂಪಾ ಹೀಗೆ ಘೋಷಿಸಿ, ಹಾರ್ಮೋನಿಯಂ ಗಾತ್ರದ ಪೆಟ್ಟಿಗೆಯ ಮೇಲೆ ಫಟ್ಟನೆ ಬಡಿದಳು. ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದ ಸತ್ಯಪ್ರಸಾದ್ ಸಾಹೇಬರು ಬೆಚ್ಚಿ ಚಹಾ ಚೆಲ್ಲಿಕೊಂಡರು. ಅವರು ಬೆಂಗಳೂರಿನ ವ್ಯೋಮಯಾನ ಮಂಡಳಿಯ ದೊಡ್ಡ ಅಧಿಕಾರಿ. ಮನುಷ್ಯ ಮಾತ್ರ ಎಷ್ಟು ತೆಳ್ಳಗೆಂದರೆ, ಅಡ್ಡ ತಿರುಗಿದರೆ ಹುಡುಕಬೇಕು!

ಚಂಪಾ ಅಂದರೆ ಚಂಪಾವತಿ ಹೊಂಬಳ. ಹುಡುಗಿಯಾಗಿದ್ದಾಗಲೇ ಬಾವಿಯ ಪಂಪು ಬಿಚ್ಚಿ, ಮತ್ತೆ ಜೋಡಿಸಿ, ಉಳಿದ ನಟ್ಟುಗಳನ್ನು ತೋರಿಸಿ, "ಇವು ಮೊದಲಿಂದಾನೂ ಬೇಕಾಗಿದ್ದಿಲ್ಲ" ಎಂದವಳು. ಎಂಜಿನಿಯರ್ ಆಗಿ ಮಂಡಳಿ ಸೇರಿ ರಾಕೆಟ್ಟಿನ ಕವಾಟಗಳನ್ನು ಪರೀಕ್ಷಿಸುತ್ತಿದ್ದಳು. ಗಗನಯಾತ್ರಿಗಳನ್ನು ಆರಿಸುವಾಗ ತಾನೂ ಹೋಗಿ ನಿಂತಳು. "ನೀವು ಮೇಲೆ ಹೋದರೆ ಮನೆ ಯಾರು ನೋಡ್ಕೋತಾರೆ?" ಎಂದು ಸಂದರ್ಶನದಲ್ಲಿ ಕೇಳಿದರಂತೆ. "ನನ್ನ ಗಂಡ ದನದ ಡಾಕ್ಟರ್ ಅದಾರ್ರಿ. ಎಮ್ಮಿ ಸಂಭಾಳಸಾವ್ರು ಮನಿ ಸಂಭಾಳಸಂಗಿಲ್ಲೇನು?" ಎಂದಳಂತೆ. ಎರಡು ಸಲ ಹಾರಿ ಬಂದಳು. ಎರಡನೆಯ ಸಲ ಅಂತರಿಕ್ಷ ನಿಲ್ದಾಣದ ಹೊರಗೆ ತೂಗಾಡುತ್ತ, ಕೆಟ್ಟುನಿಂತ ತಂಪು ಮಾಡುವ ಪಂಪನ್ನು ರಿಪೇರಿ ಮಾಡಿ ಜೊತೆಗಾರರ ಜೀವ ಉಳಿಸಿದಳು. ಆಗ ಕೆಳಗೆ ನಾನು ಸಗಣಿಯಲ್ಲಿ ನಿಂತು ಕರು ಹೊರಗೆಳೆಯುತ್ತಿದ್ದೆ. ನಮ್ಮ ಸಂಸಾರವೇ ಹಾಗೆ!

ಈಗ ಮೂರನೆಯ ಯಾನ ಹೊರಡಲಿತ್ತು. ಅದಕ್ಕೆ ಕಮಾಂಡರ್ ಆಗಬೇಕೆಂಬುದು ಅವಳ ಆಸೆ. ಸಾಹೇಬರು ಬಂದಿದ್ದು ಅದನ್ನು ತಪ್ಪಿಸಲಿಕ್ಕೆ.

"ಮೇಡಂ, ನಿಮಗೂ ಐವತ್ತು ದಾಟ್ತು. ತರಬೇತಿ ವಿಭಾಗದಲ್ಲಿ ಒಳ್ಳೆ ಕುರ್ಚಿ ಇದೆ. ಚಕ್ರ ಇರೋ ಕುರ್ಚಿ!"

"ಮೊದಲ ನನ್ನ ಯಂತ್ರ ನೋಡ್ರಿ. ಆಮ್ಯಾಲೆ ಕುರ್ಚಿ ಮಾತು," ಎಂದಳು ಚಂಪಾ. "ಮ್ಯಾಲೆ ತೂಕ ಅನ್ನೂದ ಇಲ್ಲ. ಹಿಟ್ಟು ಹಾರತೈತಿ, ರೊಟ್ಟಿ ಬಡಿಯಾಕ ಬರಂಗಿಲ್ಲ. ಅದಕ ಇಲ್ಲಿಂದನ ಒಂಚೂರು ತೂಕ ತುಂಬಿಕೊಂಡು ಹೋಗೂದು! ಈ ಪೆಟಗಿ ಆ ಮೂಲ್ಯಾಗಿನ ಬೀಸುಕಲ್ಲಿನ ತೂಕ ಹೀರಿ ಇಟ್ಕೋತೈತಿ. ಬೇಕಾದಾಗ ಹಿಟ್ಟಿಗೆ ಕೊಡತೈತಿ."

"ತೂಕ ಏನು ಉಪ್ಪಿನಕಾಯೇನ, ತುಂಬಿಡಾಕ?" ಎಂದಳು ನಮ್ಮವ್ವ ಬಾಳವ್ವ. ಮೊಣಕಾಲು ನೋವಿನ ಮುದುಕಿ; ಬಡಿದಿಟ್ಟ ರೊಟ್ಟಿಯ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು.

"ಅತ್ತಿ, ನೋಡತಿರ್ರಿ!"

ಚಂಪಾ ಗುಂಡಿ ತಿರುಗಿಸಿದಳು. ಪೆಟ್ಟಿಗೆ ಗುಂಯ್‌ಗುಟ್ಟಿತು. ಬೀಸುಕಲ್ಲು ನಾಚಿಕೊಂಡಂತೆ ಅಲ್ಲಾಡಿ, ಮೆಲ್ಲಗೆ ನೆಲ ಬಿಟ್ಟು ಎದ್ದಿತು! ಸಾಹೇಬರು ಚಪ್ಪಾಳೆ ತಟ್ಟಲು ಕೈಯೆತ್ತಿದರು. ಕೈಯ ಹಿಂದೆಯೇ ಅವರೂ ಎದ್ದರು!

"ಮೇಡಂ! ನಾನು ಹೋಗ್ತಾ ಇದೀನಿ!"

"ಎಲ್ಲಿಗ್ರಿ?"

"ಮೇಲಕ್ಕೆ!"

ಪೆಟ್ಟಿಗೆಗೆ ಬೀಸುಕಲ್ಲು ಸಾಲಲಿಲ್ಲ. ಮನೆಯಲ್ಲಿದ್ದುದರ ತೂಕವನ್ನೆಲ್ಲ ಅದು ಗಟಗಟ ಕುಡಿಯತೊಡಗಿತ್ತು. ರೊಟ್ಟಿಗಳು ಬೆಳ್ಳಕ್ಕಿಗಳ ಹಾಗೆ ಸಾಲುಗಟ್ಟಿ ಹಾರಿದವು. ಸಾಹೇಬರು ಮಾಳಿಗೆಯ ಜಂತಿಗೆ ತಲೆ ಕುಟ್ಟಿಕೊಂಡು ಕೈಕಾಲು ಬಡಿಯತೊಡಗಿದರು. ನಾನು ಕಂಬ ತಬ್ಬಿಕೊಂಡೆ. ಕಾಲುಗಳು ಬಾವುಟದಂತೆ ಮೇಲೆದ್ದವು. ನಮ್ಮವ್ವ ಕೂತ ಭಂಗಿಯಲ್ಲೇ, ದೇವರ ಹಾಗೆ, ನಿಧಾನವಾಗಿ ಏರಿದಳು.

"ಅವ್ವಾ, ಹೆದರಬ್ಯಾಡ!" ಎಂದು ಕೂಗಿದೆ.

"ಹೆದರೂದ್ಯಾಕೋ? ಮೊಣಕಾಲು ನೋವ ಹೋತಲ್ಲೋ ಫಕ್ಕೀರೇಶಾ!" ಎಂದು ಅವ್ವ ಗಾಳಿಯಲ್ಲೇ ಒಂದು ಸುತ್ತು ಹಾಕಿದಳು. "ಇದ ಮಜಾ ಐತಿ! ನಾ ಇಳಿಯಂಗಿಲ್ಲ!"

"ಚಂಪಾ, ಬಂದ್ ಮಾಡ!" ಎಂದೆ.

"ಮಾಡ್ತಿದ್ದೆ. ಪೆಟಗಿ ಎಲ್ಲೈತಿ?"

ಪೆಟ್ಟಿಗೆ ತನ್ನ ತೂಕವನ್ನೂ ತಾನೇ ಕುಡಿದುಬಿಟ್ಟಿತ್ತು! ಪಡಸಾಲೆಯಿಂದ ಜಾರಿ, ಅಂಗಳದ ಮೇಲೆ ಬಯಲಲ್ಲಿ ತೇಲುತ್ತಿತ್ತು. ಅದಕ್ಕಿಂತ ಘೋರವಾದದ್ದು ಅದರ ಪಕ್ಕದಲ್ಲಿತ್ತು. ನಮ್ಮ ಎಮ್ಮೆ ರಂಭೆ! ಗೂಟದ ಹಗ್ಗದ ತುದಿಯಲ್ಲಿ ಗಾಳಿಪಟದ ಹಾಗೆ ತೂಗುತ್ತ, ಸಮಾಧಾನವಾಗಿ ಮೆಲುಕು ಹಾಕುತ್ತಿತ್ತು. ಜಗ್ಗಿದ ರಭಸಕ್ಕೆ ಗೂಟ ಬುಡದಿಂದ ಅಲುಗಾಡುತ್ತಿತ್ತು.

"ಚಂಪಾ! ಗೂಟ ಕಿತ್ತರ ರಂಭಿ ಹೋದಂಗ!"

"ರೋಡಿನ ಮ್ಯಾಲಿನ ಗಾಳಿಗೆ ಸಿಕ್ಕರ ಪೆಟಗೀನೂ ಹೋತು. ಆಮ್ಯಾಲೆ ಯಾರನ್ನೂ ಇಳಸಾಕ ಬರಂಗಿಲ್ಲ," ಎಂದಳು ಗಾಳಿಯಲ್ಲಿ ತೇಲುತ್ತಿದ್ದ ಚಂಪಾ.

ನಾನು ಅವಳ ಮುಖ ನೋಡಿದೆ. ನಗು ಇರಲಿಲ್ಲ, ಗಾಬರಿಯೂ ಇರಲಿಲ್ಲ. ಅಂತರಿಕ್ಷದಲ್ಲಿ ಆ ಪಂಪಿನ ಮುಂದೆ ನಿಂತಾಗ ಇದೇ ಮುಖ ಇದ್ದಿರಬೇಕು. ನನಗೆ ಆವರೆಗೆ ಅದನ್ನು ನೋಡುವ ಭಾಗ್ಯ ಸಿಕ್ಕಿರಲಿಲ್ಲ.

"ಸರ್, ಕೈಕಾಲು ಬಡೀಬ್ಯಾಡ್ರಿ. ಜಂತಿ ಹಿಡೀರಿ, ಒಂದ ಕೈಲೆ. ಉಸಿರು ನಿಧಾನ ಬಿಡ್ರಿ. ಶಾಭಾಸ್!"

ಒಣಗಲು ಹಾಕಿದ್ದ ಅವ್ವನ ಇಳಕಲ್ ಸೀರೆಯನ್ನು ಎಳೆದು, ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಸೊಂಟಕ್ಕೆ ಬಿಗಿದಳು.

"ಹೊಸಾ ಸೀರಿ ಅದು!" ಎಂದಳು ಅವ್ವ ಜಂತಿಯಿಂದ.

"ಹರಿಯಂಗಿಲ್ಲಲ್ರಿ ಅತ್ತಿ?"

"ಇಳಕಲ್ ಸೀರಿ ಹರಿಯೂದಂದ್ರ ಏನು!"

ಚಂಪಾ ಕಂಬಕ್ಕೆ ಕಾಲು ಕೊಟ್ಟು ಮೀನಿನಂತೆ ಜಿಗಿದಳು. ಹಗ್ಗ ಹಿಡಿದಳು. ಒಂದು ಕೈ ಗಟ್ಟಿಯಾದ ಮೇಲೆ ಇನ್ನೊಂದು ಕೈ ಬಿಡುತ್ತ, ಅವಸರವೇ ಇಲ್ಲದೆ ಏರಿದಳು. ರಂಭೆಯ ಕೊರಳವರೆಗೆ ಮುಟ್ಟಿದಳು. ಅಷ್ಟರಲ್ಲಿ ಸೀರೆ ಮುಗಿಯಿತು! ಪೆಟ್ಟಿಗೆ ಕೈಗೆ ಸಿಗದಷ್ಟು ದೂರದಲ್ಲಿ, ಎಮ್ಮೆಯ ಆಚೆ ಬದಿಗೆ ತೇಲುತ್ತಿತ್ತು.

"ಸೀರಿ ಬಿಚ್ಚಬ್ಯಾಡ ಚಂಪಾ!" ಎಂದು ಕೂಗಿದೆ.

"ಬಿಚ್ಚಂಗಿಲ್ಲ. ನೀವು ರಂಭೀನ ಈ ಕಡೆ ತಿರುಗಸ್ರಿ!"

ಎಮ್ಮೆಗೆ ಏನು ಹೇಳಿದರೆ ತಿರುಗುತ್ತದೆ ಎಂಬುದು ನನ್ನ ವಿದ್ಯೆ. ಕಂಬಕ್ಕೆ ಜೋತುಬಿದ್ದಲ್ಲಿಂದಲೇ, ಅದಕ್ಕೇ ತೂಗುಹಾಕಿದ್ದ ದನದ ಹಿಂಡಿಯ ಡಬ್ಬಿಯನ್ನು ಕಾಲಿನಿಂದ ಬಡಬಡ ಒದ್ದು, "ಹುರ್ರ್‌ ರಂಭೀ, ಹಿಂಡೀ!" ಎಂದೆ. ರಂಭೆ ಆಕಾಶದಲ್ಲೇ ಗರಗರ ತಿರುಗಿತು. ಕೋಡು ಪೆಟ್ಟಿಗೆಗೆ ತಾಗಿತು. ಪೆಟ್ಟಿಗೆ ನೇರವಾಗಿ ಚಂಪಾಳ ಮಡಿಲಿಗೆ ಬಂದಿತು!

"ಬಂದ್ ಮಾಡಿ ಮೇಡಂ! ಈಗಲೇ!" ಎಂದು ಸಾಹೇಬರು ಕಿರುಚಿದರು.

"ಒಮ್ಮೆಲೇ ಬಂದ್ ಮಾಡಿದರ ನಿಮ್ಮ ಹಲ್ಲು ನೆಲಕ, ಎಮ್ಮಿ ನನ್ನ ಮ್ಯಾಲ. ತಡೀರಿ."

ಅವಳು ಗುಂಡಿಯನ್ನು ಎಳ್ಳೆಳ್ಳಷ್ಟೇ ಹಿಂದಕ್ಕೆ ತಿರುಗಿಸಿದಳು. ಎಲ್ಲರೂ ಹೂವಿನಂತೆ ಇಳಿದೆವು. ಅವ್ವ ಗೊಣಗುತ್ತ ಇಳಿದಳು. ಚಂಪಾ ಎಮ್ಮೆಯ ಬೆನ್ನೇರಿ ಇಳಿದಳು. ಅಂಥ ಮೆರವಣಿಗೆಯನ್ನು ಗದಗಿನಲ್ಲಿ ಯಾವ ಮಂತ್ರಿಗೂ ಮಾಡಿಲ್ಲ.

ಸಾಹೇಬರ ಕಣ್ಣಲ್ಲಿ ನೀರಿತ್ತು. "ಮೇಡಂ, ಆ ಕುರ್ಚಿ ವಿಷಯ ಮರೆತುಬಿಡಿ. ಮೇಲೆ ನನ್ನ ಮಗಳೇ ಹೋಗೋದಾದರೂ, ಕಮಾಂಡರ್ ನೀವೇ ಆಗಿರಬೇಕು ಅಂತೀನಿ!" ಎಂದು, ಕೈಕುಲುಕಲು ಒಂದು ಹೆಜ್ಜೆ ಮುಂದಿಟ್ಟರು.

ಫಟಾರ್! ನೆಲದ ಕಡಪಾ ಕಲ್ಲು ಎರಡು ಹೋಳಾಯಿತು. ಗಾಬರಿಯಿಂದ ಹಿಂದೆ ಸರಿದು ಮಂಚದ ಮೇಲೆ ಕೂತರು. ಮಂಚ ಮಲಗಿತು. ಏಳುವ ಗಡಿಬಿಡಿಯಲ್ಲಿ ಚಂಪಾ ಕೆಳಗಿಟ್ಟಿದ್ದ ಪೆಟ್ಟಿಗೆಯ ಮೇಲೆ ಕಾಲಿಟ್ಟರು. ಅದು ಹಪ್ಪಳವಾಯಿತು!

ಅದೇ ಹೊತ್ತಿಗೆ ಅಂಗಳದಲ್ಲಿ ರಂಭೆ ಕರುವಿನಂತೆ ಚಂಗನೆ ಜಿಗಿದು ಕಾಂಪೌಂಡಿನ ಮೇಲೆ ನಿಂತಿತು.

ಚಂಪಾ ತುಟಿ ಕಚ್ಚಿಕೊಂಡಳು. "ತೂಕ ತಿರುಗಿ ಕೊಡಬೇಕಾದರ ಪೆಟಗಿ ಅದಲಬದಲಿ ಮಾಡೇತಿ. ಎಮ್ಮಿ ತೂಕ ಸಾಹೇಬರಿಗೆ. ಸಾಹೇಬರದು ಎಮ್ಮಿಗೆ."

ಸಾಹೇಬರಿಗೆ ಮಾತ್ರ ಆ ಭಾರ ಏನೂ ಅನ್ನಿಸುತ್ತಿರಲಿಲ್ಲ, ಅನ್ನಿಸುತ್ತಿದ್ದುದು ನೆಲಕ್ಕೆ. ಅವ್ವನ ತೂಕ ಒಂದು ರೊಟ್ಟಿಗೆ ಹೋಗಿ, ಅದನ್ನೆತ್ತಲು ನಾವಿಬ್ಬರು ಹೆಣಗಬೇಕಾಯಿತು. ರೊಟ್ಟಿಯ ತೂಕದ ಅವ್ವ ಆಗಲೇ ಅಟ್ಟದ ಮೆಟ್ಟಿಲು ಹತ್ತಿ ಇಳಿದು, "ನನ್ನ ತೂಕ ಆ ರೊಟ್ಟಿ ಕಡೇನ ಇರಲಿ. ತಿರುಗಿ ಕೇಳಿದರ ನೋಡ್ರಿ!" ಎಂದು ಬೆದರಿಸಿದಳು.

ಹೊಸ ಪೆಟ್ಟಿಗೆ ಕಟ್ಟಲು ಬೆಂಗಳೂರಿನ ಪ್ರಯೋಗಶಾಲೆಯೇ ಬೇಕು. ತೂಕ ಬದಲಿಸಲು ಎಮ್ಮೆಯೂ ಬೇಕು, ಸಾಹೇಬರೂ ಬೇಕು. ಅವರು ಬಂದ ಕಾರು ಅವರು ಹತ್ತುತ್ತಲೇ ಕೂತುಬಿಟ್ಟಿತು. ಕಡೆಗೆ ಒಂದು ಲಾರಿ ಮಾಡಿದೆವು. ಹಿಂದೆ ಹುಲ್ಲಿನ ಮೇಲೆ ಸಾಹೇಬರು, ಪಕ್ಕದಲ್ಲಿ ಅವರ ತೂಕ ಹೊತ್ತ ರಂಭೆ. ಮುಂದೆ ಚಾಲಕನ ಜೊತೆ ನಾನು ಮತ್ತು ಕಮಾಂಡರ್ ಚಂಪಾ. ಅವಳು ದಾರಿಯುದ್ದಕ್ಕೂ ಹಾಡು ಹೇಳುತ್ತಿದ್ದಳು.

ಹೆದ್ದಾರಿಯಲ್ಲಿ ಲಾರಿ ತೂಗುವ ಕಟ್ಟೆಯ ಬಳಿ ನಮ್ಮನ್ನು ತಡೆದರು. ಹುಲ್ಲಿನಲ್ಲಿ ಕಾಲು ಜೋಮು ಹಿಡಿದಿದ್ದ ಸಾಹೇಬರು ಕೆಳಗಿಳಿದು, ಎಲ್ಲ ಬಿಟ್ಟು ಆ ತೂಕದ ಹಲಗೆಯ ಮೇಲೆಯೇ ನಿಂತರು. ಕೋಣೆಯೊಳಗಿದ್ದ ತೂಕದವನು ತಕ್ಕಡಿಯ ಮುಳ್ಳು ನೋಡಿದ. ಕಡ್ಡಿಯಂಥ ಸಾಹೇಬರನ್ನು ನೋಡಿದ. ಮತ್ತೆ ಮುಳ್ಳು ನೋಡಿದ.

"ಯಾರ್ರೀ ಇವರು?"

"ಬೆಂಗಳೂರಿನ ದೊಡ್ಡ ಅಧಿಕಾರಿ," ಎಂದ ನಮ್ಮ ಚಾಲಕ.

ತೂಕದವನು ತಲೆಯಾಡಿಸಿ, ಅಡ್ಡಗಂಬ ಎತ್ತಿದ.

"ಹಂಗಾದ್ರ ಅಷ್ಟು ತೂಕ ಇರತೈತಿ, ಹೋಗ್ರಿ."