ಫ್ಯಾನ್ ಗಾಳಿಯಲ್ಲಿ ಕಲಿತ ಸರ್ವಿಸ್

ನನ್ನಿಂದ ಟೇಬಲ್ ಟೆನಿಸ್ ಆಗದು ಎಂದವರು ನನ್ನನ್ನು ಸಾಕಿದ ಭೀಮಣ್ಣ ಕಾಕಾ. ಬಿ.ಕಾಂ. ಆಗದು ಎಂದವರೂ ಅವರೇ. ದುಡಿಯುತ್ತಲೇ ಓದಿ ಅದನ್ನು ಪಾಸು ಮಾಡಿ ತೋರಿಸಿದ್ದೆ; ನಮ್ಮ ಮನೆತನಕ್ಕೇ ಮೊದಲ ಪದವಿ. ಆದರೆ ಕಾಕಾ ಕಟ್ಟಡ ಕೆಲಸದ ಮೇಸ್ತ್ರಿ. ಪದವಿ ಕೊಡುವ ದಿನವೇ ಸೈಟಿನಲ್ಲಿ ಸ್ಲ್ಯಾಬ್ ಹಾಕುವುದಿತ್ತು, ಬರಲಿಲ್ಲ. ಒಮ್ಮೆಯಾದರೂ ಅವರ ಕಣ್ಣೆದುರು ಏನನ್ನಾದರೂ ಸಾಧಿಸಬೇಕೆಂಬ ಹಟ ನನ್ನಲ್ಲಿ ಉಳಿದೇ ಇತ್ತು. ನಮ್ಮ ಆಫೀಸಿನಲ್ಲಿ ಮುಂದಿನ ತಿಂಗಳ ಕೊನೆಯ ಭಾನುವಾರ ಮಹಿಳೆಯರ ಟೇಬಲ್ ಟೆನಿಸ್ ಪಂದ್ಯ ಎಂದು ನೋಟಿಸ್ ಹಚ್ಚಿದ ಕೂಡಲೇ ಹೆಸರು ಕೊಟ್ಟೆ.

"ನಿನಗ ಸೌಟು ಸುದ್ದಾ ನೆಟ್ಟಗ ಹಿಡಿಯಾಕ ಬರೂದಿಲ್ಲ, ಬ್ಯಾಟ್ ಏನ್ ಹಿಡೀತಿ?" ಎಂದರು ಕಾಕಾ.

ಹಾಗೆಂದವರೇ ಮರುದಿನ ಸೈಟಿನಿಂದ ಪ್ಲೈವುಡ್ ಹಲಗೆಯೊಂದನ್ನು ಹೊತ್ತು ತಂದರು. ಮುಂಬೈಯ ಕಾಂದಿವಲಿಯ ನಮ್ಮ ಒಂದೇ ಖೋಲಿಯ ಮನೆಯಲ್ಲಿ ಎರಡು ನೀರಿನ ಡ್ರಮ್ಮುಗಳ ಮೇಲೆ ಅದನ್ನಿಟ್ಟರೆ ಟೇಬಲ್ಲು. ನಡುವೆ ಕಾಕಾನ ಹೆಂಡತಿ ಕಾಕುವಿನ ಹಳೆ ಸೀರೆಯ ಅಂಚು ಕಟ್ಟಿದರೆ ನೆಟ್ಟು.

ಆಟದಲ್ಲಿ ಸರ್ವಿಸೇ ಮುಖ್ಯವೆಂದು ವಿಡಿಯೋ ನೋಡಿ ತಿಳಿದುಕೊಂಡೆ. ಬಿಚ್ಚಿದ ಅಂಗೈಯಿಂದ ಚೆಂಡನ್ನು ಮೇಲಕ್ಕೆ ಚಿಮ್ಮಬೇಕು, ಇಳಿಯುವಾಗ ಹೊಡೆಯಬೇಕು. ನನ್ನ ಚೆಂಡುಗಳೆಲ್ಲ ಎಡಕ್ಕೆ ಸರಿದು ಒಲೆಯತ್ತ ಹೋದವು. ಒಂದು ಸಾರಿನಲ್ಲಿ ಬಿತ್ತು. ಪದವೀಧರೆಯಲ್ಲವೇ, ಯೋಚಿಸಿದೆ. ಎಡಕ್ಕೆ ಸರಿಯುವುದೇ ಚೆಂಡಿನ ಸ್ವಭಾವ, ಆದ್ದರಿಂದ ಒಂದು ಗೇಣು ಬಲಕ್ಕೆ ಹೊಡೆಯತಕ್ಕದ್ದು ಎಂಬ ಸಿದ್ಧಾಂತಕ್ಕೆ ಬಂದೆ. ಫಲಿಸಿತು! ಕೆಲವೇ ವಾರಗಳಲ್ಲಿ ಕಣ್ಣು ಮುಚ್ಚಿ ಹೊಡೆದರೂ ಚೆಂಡು ಹಲಗೆಯ ನಟ್ಟನಡುವೆ. ನನ್ನ ಬಲಗಡೆ ಸ್ಟೂಲಿನ ಮೇಲೊಂದು ಫ್ಯಾನು ಭರ್ರೆಂದು ತಿರುಗುತ್ತಿತ್ತು, ನಿಜ. ಮುಂಬೈಯ ಮೇ ತಿಂಗಳಲ್ಲಿ ಫ್ಯಾನನ್ನು ಯಾರು ಗಮನಿಸುತ್ತಾರೆ?

ಪಂದ್ಯದ ದಿನ ಕಾಕಾ ಇಸ್ತ್ರಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತರು. ಎದುರಾಳಿ ರಿಸೆಪ್ಷನ್ನಿನ ಶಿಲ್ಪಾ. ಗಾಳಿಗೆ ಚೆಂಡು ಅಲುಗಬಾರದೆಂದು ಅಂಪೈರ್ ಹಾಲಿನ ಫ್ಯಾನುಗಳನ್ನೆಲ್ಲ ಆರಿಸಿದರು. ನಾನು ಗಂಭೀರವಾಗಿ ಚೆಂಡು ಚಿಮ್ಮಿ ಒಂದು ಗೇಣು ಬಲಕ್ಕೆ ಹೊಡೆದೆ. ಅದು ಬಲಕ್ಕೇ ಹೋಯಿತು. ಅಂಪೈರರ ಚಹಾದೊಳಗೆ.

"ಮೇಡಂ, ಟೇಬಲ್ ಇಧರ್ ಹೈ," ಎಂದು ಅವರು ಟೇಬಲ್ಲಿನತ್ತ ಬೆರಳು ತೋರಿದರು, ಮೀಸೆ ಒರೆಸಿಕೊಳ್ಳುತ್ತ.

ಮುಂದಿನ ಚೆಂಡನ್ನು ಕಾಕಾ ಕುರ್ಚಿಯಡಿಯಿಂದ ಬಾಗಿ ಹೆಕ್ಕಿ ಕೊಟ್ಟರು. ಅದರ ಮುಂದಿನದಕ್ಕೆ ಬಾಗಿಲಾಚೆ ಹೋಗಬೇಕಾಯಿತು. ಆಮೇಲೆ ಅವರು ಕುಳಿತುಕೊಳ್ಳುವ ಗೋಜಿಗೇ ಹೋಗಲಿಲ್ಲ.

ಮೊದಲ ಗೇಮು ಸೋತು, ಬೆವರು ಒರೆಸುತ್ತ ಮೇಲೆ ನೋಡಿದೆ. ನಿಂತ ಫ್ಯಾನು. ಆಗ ಹೊಳೆಯಿತು: ಇಷ್ಟು ದಿನ ನಾನು ಪಳಗಿಸಿದ್ದು ಚೆಂಡನ್ನಲ್ಲ, ಮನೆಯ ಗಾಳಿಯನ್ನು! ಆದರೆ ಕಲಿತದ್ದನ್ನು ಮರೆಯುವುದು ಬಿ.ಕಾಂ.ಗಿಂತ ಕಷ್ಟ. ತಲೆ ನೇರಕ್ಕೆ ಎಂದರೆ ಕೈ ಬಲಕ್ಕೆ ಎನ್ನುತ್ತಿತ್ತು. ಕೊನೆಯ ಗೇಮಿನ ಕೊನೆಗೆ ಕೈ ಮಾತು ಕೇಳಿತು. ಚೆಂಡು ನನ್ನ ಕಡೆ ಪುಟಿದು, ನೆಟ್ಟು ದಾಟಿ, ಆಚೆ ಸರಿಯಾಗಿ ಬಿತ್ತು. ಅದು ಟೇಬಲ್ಲಿನ ಮೇಲೆ ಬಂದೀತೆಂದು ಶಿಲ್ಪಾ ಎಣಿಸಿರಲೇ ಇಲ್ಲ, ನೋಡುತ್ತ ನಿಂತಳು. ಮತ್ತೊಂದೂ ಹಾಗೆಯೇ ಬಿತ್ತು. ಪಂದ್ಯ ಹೋಯಿತು, ಸರ್ವಿಸ್ ಬಂತು. ಇನ್ನದನ್ನು ಯಾರೂ ಕಸಿಯಲಾರರು.

ಕೊನೆಯಲ್ಲಿ ಎಲ್ಲರಿಗೂ ಹೆಸರು ಕರೆದು ಸರ್ಟಿಫಿಕೇಟ್ ಕೊಟ್ಟರು. ನನ್ನದನ್ನು ತಂದು ಹೆಮ್ಮೆಯಿಂದ ಕಾಕಾನ ಕೈಗಿಟ್ಟೆ. ಇದನ್ನು ಯಾತಕ್ಕೆ ಕೊಟ್ಟರೆಂದು ಅವರು ಕೇಳಿದರು. ಗೆದ್ದದ್ದಕ್ಕಲ್ಲ, ಭಾಗವಹಿಸಿದ್ದಕ್ಕೆ ಎಂದೆ.

"ಹಂಗಾರ ನಂದೆಲ್ಲೈತಿ?" ಎಂದರು ಕಾಕಾ. "ನಿನಗಿಂತ ಜಾಸ್ತಿ ಓಡ್ಯಾಡೀನಿ ನಾ."