ಸೋಮ ಬರೆದ ಚೌಕ

ಹಲ್ಲುಜ್ಜುತ್ತ ರಸ್ತೆಗೆ ಬಂದ ಸೋಮನ ಬ್ರಶ್ಶು ಬಾಯಲ್ಲೇ ನಿಂತುಹೋಯಿತು. ಹೆಮ್ಮಾಡಿಯಿಂದ ಬಂದರಿನ ತನಕ ರಸ್ತೆಯ ಹೊಂಡಗಳ ಸುತ್ತ ಬಿಳಿ ಚೌಕ ಬರೆದಿದ್ದರು. ಇವತ್ತು ಡಾಂಬರು ತೇಪೆ. ಅವನ ಮನೆಯೆದುರಿನ ಹೊಂಡವೊಂದಕ್ಕೇ ಚೌಕವಿಲ್ಲ. ದಿನವೂ ಅವನ ಮೀನಿನ ಆಟೊ ಅದರಲ್ಲಿ ಬಿದ್ದೆದ್ದು, ಬಂಗುಡೆ ನಾಯಿಗಳ ಪಾಲಾಗುತ್ತಿತ್ತು. ಸಂಜೆ ಯಡ್ತರೆಯ ಮೆಹಂದಿ ಮನೆಗೆ ಮೂರು ಪೆಟ್ಟಿಗೆ ಅಂಜಲು ಮೀನು ಮುಟ್ಟಿಸುತ್ತೇನೆಂದು ಬೇರೆ ಒಪ್ಪಿಕೊಂಡಿದ್ದ.

"ನಾವೇ ಒಂದ್ ಚೌಕ ಬರದ್ರೆ ಯಾರಿಗ್ ಗೊತ್ತಾತ್ತ್?" ಎಂದಳು ಪಕ್ಕದ ಮನೆಯ ಗುಲಾಬಿ, ಬಂದರಿನಲ್ಲಿ ಮೀನು ಮಾರುವವಳು. ಬಣ್ಣದ ಡಬ್ಬಿಯನ್ನೂ ಅವಳೇ ತಂದಳು. "ಇನ್ನ್ ಚೂರ್ ದೊಡ್ಡ ಹಾಕಿ ಸೋಮಣ್ಣ, ನಮ್ ಗೇಟಿನ್ ತನ್ಕ."

ಒಂಬತ್ತಕ್ಕೆ ಯಂತ್ರ ಬಂತು. ಚೌಕವಿದ್ದಷ್ಟೂ ಕೊರೆದು, ಕಿತ್ತು, ಮುಂದೆ ಹೋಗತೊಡಗಿತು. ಕಾವಲಿಯಷ್ಟಿದ್ದ ಹೊಂಡ ಎಮ್ಮೆ ಮಲಗುವಷ್ಟಾಯಿತು. ಸೋಮ ಯಂತ್ರದ ಹಿಂದೆಯೇ ಓಡಿದ.

"ಹ್ವಾಯ್, ಎಂತ ಮಾಡ್ತ್ರಿ?"

"ಚೌಕ ಇದ್ದಲ್ಲಿ ಕೊರಿಯೋದಷ್ಟ ನಮ್ಮ ಕೆಲಸ್ರೀ. ತುಂಬೋರು ಬ್ಯಾರೆ ಅದಾರ," ಎಂದ ಯಂತ್ರದವನು.

ಹೆಮ್ಮಾಡಿ ಕಡೆಯಿಂದ ಡಾಂಬರಿನ ಲಾರಿ ಕಾಣುವವರೆಗೆ ಸೋಮ ನೀರೂ ಕುಡಿಯಲಿಲ್ಲ. ಮೇಸ್ತ್ರಿ ರತೀಶ ಇಳಿದು "ಇದ್ ಏಳ್ನೇದ್" ಎಂದು ತುಂಬಿಸಿ, ರೋಲರ್ ಹಾಯಿಸಿಯೇಬಿಟ್ಟ. ಸೋಮ ಎಲ್ಲರಿಗೂ ಎಳನೀರಿನ ಬೊಂಡ ಕೆತ್ತಿ ಕೊಟ್ಟು, ಬಂದರಿಗೆ ಹೊರಟ.

ಮಧ್ಯಾಹ್ನ ಅಂಜಲು ತುಂಬಿಕೊಂಡು ಹಿಂದಿರುಗುವಾಗ ಅವನ ಕಾಲು ಬ್ರೇಕಿನ ಹತ್ತಿರವೂ ಸುಳಿಯಲಿಲ್ಲ. ಕೊರೆದಿಟ್ಟದ್ದನ್ನೆಲ್ಲ ಇಷ್ಟರಲ್ಲಿ ತುಂಬಿರುತ್ತಾರೆ, ರಸ್ತೆಯಲ್ಲಿ ಇನ್ನೆಲ್ಲಿಯ ಹೊಂಡ? ಬಂದರಿನ ತಿರುವಿನಲ್ಲಿ ಧಡ್ ಎಂದಿತು. ಆಟೊದ ಮುಂದಿನ ಚಕ್ರ ಪೂರ್ತಿ ನೆಲದೊಳಗೆ, ಅಂಜಲು ಪೂರ್ತಿ ಚರಂಡಿಯೊಳಗೆ.

ಅಚ್ಚುಕಟ್ಟಾಗಿ ಕೊರೆದು ಹಾಗೇ ಬಿಟ್ಟಿದ್ದ ಹೊಂಡ.

"ಇದನ್ನ್ ಎಂತಕ್ ತುಂಬ್ಸಲ್ಲ?" ಎಂದು ಸೇರಿದ ಜನ ವಾಪಸು ಹೊರಟಿದ್ದ ಡಾಂಬರಿನ ಲಾರಿಯನ್ನು ಅಡ್ಡಗಟ್ಟಿದರು.

"ನಮ್ ಲಿಸ್ಟಂಗ್ ಇಪ್ಪುದ್ ಹನ್ನೆರ್ಡೇ," ಎಂದ ರತೀಶ. "ಹನ್ನೆರ್ಡ್ ಆಯ್ತ್, ಡಾಂಬರೂ ಮುಗೀತ್. ನಡುವಂಗೆ ಯಾರೋ ಒಂದ್ ಚೌಕ ಹೆಚ್ಚಿಗಿ ಬರದಿರ್. ಇನ್ನ್ ಮುಂದಿನ್ ವರ್ಷವೇ."

ಜನರ ಸಿಟ್ಟು ನೆತ್ತಿಗೇರಿತು. ಎಲ್ಲರಿಗಿಂತ ದೊಡ್ಡ ಸ್ವರ ಮೀನಿನ ಬುಟ್ಟಿ ಹೊತ್ತುಕೊಂಡೇ ಓಡಿಬಂದ ಗುಲಾಬಿಯದು: "ಹಾಂಗ್ ಬರದವನ್ ಕೈ ಮುರೀಕ್."

ಯಾರೋ ಅಲ್ಲೇ ಅರ್ಜಿ ಗೀಚಿದರು. "ನಷ್ಟ ಆದ್ದ್ ನಿಮ್ಗೆ ಅಲ್ದಾ ಸೋಮಣ್ಣ" ಎಂದು ಅವನ ಕೈಗೆ ಪೆನ್ನು ತುರುಕಿದರು.

ಚೌಕ ಬರೆದ ಕಳ್ಳನನ್ನು ಹಿಡಿದು ಶಿಕ್ಷಿಸಬೇಕೆಂದು ಪಂಚಾಯಿತಿಗೆ ಹೋದ ಆ ಅರ್ಜಿಯಲ್ಲಿ ಮೊದಲ ಸಹಿ ಸೋಮನದು, ಎರಡನೆಯದು ಗುಲಾಬಿಯದು.